ಬೀರುವಿನ ಹಿಂದಿನ ಗೋಡೆ

ಅಕ್ಕಾ,

ಇದು ನಿನಗೆ ತಲುಪುವುದಿಲ್ಲ, ಗೊತ್ತು. ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ.

ಪಕ್ಕದ ರಾಜ್ಯದಲ್ಲಿ ಬಾಡಿಗೆಗೆ ಕೊಟ್ಟಿದ್ದೇನಲ್ಲ, ಆ ಮನೆಗೆ ಇವತ್ತು ಹೇಳದೆ ಕೇಳದೆ ಹೋಗಿದ್ದೆ. ನೀನು ಹೋದ ಮೇಲೆ ಇದೇ ಮೊದಲು. ಮನೆ ಕೊಳ್ಳುವಾಗ ನೀನೇ ಹೇಳಿದ್ದೆ: "ಫೋಟೋ ನಂಬ್ಬೇಡ ಕಣೋ. ಫೋನಲ್ಲಿ ಎಲ್ಲಾ ಚೆನ್ನಾಗಿದೆ ಅಂದ್ರೆ ಅದನ್ನೂ ನಂಬ್ಬೇಡ. ದೂರದ ಮನೆ ಅಂದ್ಮೇಲೆ ಆಗಾಗ ಹೋಗಿ, ನಲ್ಲಿ ತಿರುಗಿಸಿ, ಬೀರು ಸರಿಸಿ ನೋಡ್ಬೇಕು."

ನಲ್ಲಿಗಳು ಸರಿಯಾಗಿದ್ದವು. ಬೀರು ಸರಿಸಿದೆ. ಹಿಂದಿನ ಗೋಡೆಯೆಲ್ಲ ತೇವ ಹಿಡಿದು ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ನನಗೆ ರೇಗಿತು.

"ಫೋನ್ ಮಾಡ್ದಾಗೆಲ್ಲ ಏನೂ ತೊಂದ್ರೆ ಇಲ್ಲ ಅಂತಿದ್ರಲ್ರೀ?"

ಬಾಡಿಗೆಗಿರುವ ಹೊಲಿಗೆಯಾಕೆ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಅಷ್ಟು ದೂರ ಇದೀರ ಅಣ್ಣ. ಹೇಳಿದ್ರೆ ಸುಮ್ನೆ ತಲೆ ಕೆಡಿಸ್ಕೋತೀರ ಅಂತ ಹೇಳ್ಲಿಲ್ಲ" ಎಂದಳು.

ಗಾರೆಯವನನ್ನು ಗೊತ್ತು ಮಾಡಿ, ಅವಳು ಕೊಟ್ಟ ನೀರನ್ನೂ ಕುಡಿಯದೆ ಬಸ್ಸು ಹತ್ತಿದೆ.

ಎಂದಿನಂತೆ ಬಸ್ಸು ನಿನ್ನ ಊರಲ್ಲಿ ನಿಂತಿತು. ಮೊದಲೆಲ್ಲ ನಾನು ಸೀಟಿನಿಂದಲೇ ನಿನಗೆ ಫೋನ್ ಮಾಡುತ್ತಿದ್ದೆನಲ್ಲ. ನಿನ್ನದು ಯಾವಾಗಲೂ ಒಂದೇ ಮಾತು: "ನಾನು ಚೆನ್ನಾಗಿದೀನಿ ಕಣೋ. ನೀನು ಹೊರಡು, ಕತ್ತಲಾಗುತ್ತೆ."

ಇವತ್ತು ಮೊದಲ ಸಲ ಕೆಳಗಿಳಿದೆ.

"ಇಲ್ಲೇ ಇಳಿಯೋರಾ ಸಾರ್?" ಎಂದು ಕಂಡಕ್ಟರ್ ಕೇಳಿದ.

ಇಲ್ಲಪ್ಪ ಎಂದು ಮತ್ತೆ ಹತ್ತಿದೆ.