ದಾಟದ ಹೊಸ್ತಿಲಿನ ಒಬ್ಬಟ್ಟು

ತಿಪ್ಪಸಂದ್ರ
27 ಜೂನ್ 2025, ಶುಕ್ರವಾರ

ಕುಶಾಲನ ಅಪ್ಪನಿಗೆ, ಶಾಲಿನಿಯ ಪ್ರೀತಿಯ ನೆನಪುಗಳು.

ಹೇಗಿದ್ದೀರಿ? ಕಾಲಿನ ಬೊಕ್ಕೆ ವಾಸಿಯಾಯಿತೇ? ಬೂಟು ಕಚ್ಚುತ್ತದೆ ಎಂದು ಬಾಯಿಬಿಟ್ಟು ಹೇಳಿ ಬೇರೆ ಅಳತೆಯದು ತೆಗೆದುಕೊಳ್ಳಿ, ಬೆಟಾಲಿಯನ್ನಿನಲ್ಲಿ ಕುಂಟುತ್ತಾ ಓಡಾಡಬೇಡಿ. ಅತ್ತೆ ನಿಮಗೆಂದು ಚಟ್ನಿಪುಡಿ ಮಾಡಿಟ್ಟಿದ್ದಾರೆ, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಬೇಡಿ. ಫೋನಿನಲ್ಲಿ ಮಾತಾಡಿದರೆ ಅತ್ತೆ ಸ್ಪೀಕರ್ ಹಾಕಿಸುತ್ತಾರೆ. ಮೆಸೇಜ್ ಹಾಕಿದರೆ ನೀವು ಒಂದು ಹೆಬ್ಬೆಟ್ಟು ಕಳಿಸಿ ಸುಮ್ಮನಾಗುತ್ತೀರಿ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ತಪ್ಪಿಸಿಕೊಳ್ಳಲಾಗದು.

ಹೋದ ಭಾನುವಾರ ನೀವು ಕೇಳಿದಿರಿ, 'ಹತ್ತು ತಿಂಗ್ಳಾಯ್ತಲ್ಲ, ಇನ್ನೂ ತೆವಳಲ್ವ? ಏನಾರ ಐಬು ಐತಾ?' ಅಂತ. ಆ ಐಬು ಅನ್ನುವ ಮಾತು ನನಗೆ ಇನ್ನೂ ಚುಚ್ಚುತ್ತಿದೆ. ರಾಮನಗರದ ಡಾಕ್ಟರಮ್ಮ ಕ್ಯಾಲೆಂಡರ್ ಮುಂದಿಟ್ಟುಕೊಂಡು ನನಗೆ ಬಿಡಿಸಿ ಹೇಳಿದ್ದಾರೆ, ನೀವೂ ಕೇಳಿಸಿಕೊಳ್ಳಿ. ಇವನು ಹುಟ್ಟಿದ್ದು ಗೌರಿ ಹಬ್ಬಕ್ಕೆ ಮುಂಚೆ, ಹುಟ್ಟಬೇಕಾಗಿದ್ದು ದೀಪಾವಳಿಗೆ. ಚುಚ್ಚುಮದ್ದಿಗೆ ಹುಟ್ಟಿದ ದಿನದ ಲೆಕ್ಕವೇ ಸರಿ. ಆದರೆ ಕೂರುವುದು, ತೆವಳುವುದು, ನಿಲ್ಲುವುದು ಇದಕ್ಕೆಲ್ಲ ದೀಪಾವಳಿಯಿಂದಲೇ ಎಣಿಸಬೇಕು. ಹಾಗೆ ಎಣಿಸಿದರೆ ಅವನಿಗೀಗ ಎಂಟು ತಿಂಗಳು, ಅಷ್ಟೇ. ಎರಡು ವರ್ಷ ತುಂಬುವ ತನಕ ಹೀಗೇ ನೋಡಿ ಎಂದರು. ಕೈಯೂರದೆ ಕೂರುತ್ತಾನೆ ರೀ. ಕೊಟ್ಟಿದ್ದನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಗಾಜಿನ ಪೆಟ್ಟಿಗೆಯಲ್ಲಿ ಕೊಳವೆ ಹಾಕಿಸಿಕೊಂಡು ಮಲಗಿದ್ದವನು ಈಗ ನನ್ನ ಜಡೆ ಹಿಡಿದರೆ ಬಿಡಿಸಲು ಇಬ್ಬರು ಬೇಕು.

ಅತ್ತೆಗೆ ಇದನ್ನು ಹೇಳಿ ಹೇಳಿ ಗಂಟಲು ಕಟ್ಟಿತು. 'ಹುಟ್ಟಿದ್ಮೇಲೆ ಹುಟ್ಟಿದ್ದೇ ಕಣವ್ವ, ಅದ್ರಾಗೂ ಒಸಿ ಕಳೀತಾರಾ?' ಅನ್ನುತ್ತಾರೆ. ಪಕ್ಕದ ಮನೆಯ ಚೈತ್ರಾ ಇವನು ಹುಟ್ಟಿದ ವಾರವೇ ಹುಟ್ಟಿದವಳಲ್ಲವೇ, ಮೊನ್ನೆ ಮೊನ್ನೆ ತೆವಳಿಕೊಂಡು ಹೊಸ್ತಿಲು ದಾಟಿದಳು. ಅವಳ ಮನೆಯವರು ಬೀದಿಗೆಲ್ಲ ಒಬ್ಬಟ್ಟು ಹಂಚಿದರು. ಹಂಚಿ ಸುಮ್ಮನೆ ಹೋಗಬಾರದೇ, 'ನಿಮ್ದು ಯಾವಾಗ?' ಎಂದು ಕೇಳಿಬಿಟ್ಟರು. ಬುಧವಾರ ನಾನು ಸ್ಕೂಲಿನಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ ನಮ್ಮ ಹೊಸ್ತಿಲಿಗೆ ಅರಿಸಿನ ಕುಂಕುಮ ಬಿದ್ದಿತ್ತು, ಮನೆ ತುಂಬ ಒಬ್ಬಟ್ಟಿನ ವಾಸನೆ, ಬೀದಿಯ ಹೆಂಗಸರೆಲ್ಲ ಸೇರಿದ್ದರು. ಅತ್ತೆ ನಿಮ್ಮ ಮಗನ ಕಂಕುಳಿಗೆ ಕೈ ಕೊಟ್ಟು ಎತ್ತಿ ಹೊಸ್ತಿಲಿನ ಆಚೆ ಕೂರಿಸಿದರು. 'ಬೆಳಿಗ್ಗೇನೇ ದಾಟ್ಬುಟ್ಟ, ಇದು ಶಾಸ್ತ್ರಕ್ಕೆ' ಅಂದರು. ಹಸಿ ಸುಳ್ಳು, ನನಗೆ ಸಿಟ್ಟು ಬಂತು. ನಾಲ್ಕು ಜನರೆದುರು ಹಿರಿಯರ ಮರ್ಯಾದೆ ಹೇಗೆ ಕಳೆಯಲಿ? ನಾನೂ ಒಬ್ಬಟ್ಟು ತಿಂದೆ. ಹಂಚುವ ಅವಸರದಲ್ಲಿ ಅತ್ತೆಯ ಕೈಯಿಂದ ಹಿತ್ತಾಳೆ ತಟ್ಟೆ ಜಾರಿ ಮಗುವಿನ ಬೆನ್ನ ಹಿಂದೆಯೇ ಕಲ್ಲಿನ ಮೇಲೆ ಬಿತ್ತು. ಚೈತ್ರಾ ಬೆಚ್ಚಿಬಿದ್ದು ಹೋ ಎಂದು ಅತ್ತಳು. ನಮ್ಮವನು ಚನ್ನಪಟ್ಟಣದಿಂದ ನನ್ನ ಗೆಳತಿ ಜೈನಬ್ ತಂದುಕೊಟ್ಟ ಮರದ ಗಿಲಕಿಯನ್ನು ಚೀಪುತ್ತಾ ಕೂತಿದ್ದ. 'ನೋಡ್ರವ್ವ, ಎಂಥ ಗಟ್ಟಿಗ, ಬೆಚ್ಲೇ ಇಲ್ಲ' ಎಂದು ಅತ್ತೆ ದೃಷ್ಟಿ ತೆಗೆದರು.

ಎಲ್ಲರೂ ಹೋದ ಮೇಲೆ ಅತ್ತೆ ಒಂದು ತುಂಡೂ ಬಾಯಿಗೆ ಹಾಕಲಿಲ್ಲ. 'ನನ್ ಮೊಮ್ಮಗನ್ನ ಒಬ್ರು ಒಂದ್ ಮಾತು ಅಂದ್ರೆ ತಡಿಯಕಾಗಲ್ಲ ಕಣವ್ವ' ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬೈಯಬೇಕೆಂದಿದ್ದವಳು ಅವರ ಮುಂದೆ ಒಬ್ಬಟ್ಟಿನ ತಟ್ಟೆ ಇಟ್ಟೆ. ನೀವೂ ಅವರನ್ನು ಏನೂ ಅನ್ನಬೇಡಿ. ಆದರೆ ಅವನು ನಿಜವಾಗಿ ದಾಟುವ ದಿನ ನಾನು ಯಾರಿಗೆ ಹೇಳಲಿ? ಕಳ್ಳರ ಹಾಗೆ ಬಾಗಿಲು ಹಾಕಿಕೊಂಡು ಸಂತೋಷಪಡಬೇಕು.

ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ವೇಳೆಗೆ ಸರಿಯಾಗಿ ಉಣ್ಣಬೇಕಂತೆ. ಕುಶಾಲನ ಎಂಜಲು ಈ ಹಾಳೆಯ ಮೂಲೆಗೆ ತಾಗಿದೆ, ಅದನ್ನೇ ಅವನ ಮುತ್ತು ಅಂದುಕೊಳ್ಳಿ.

ನಿಮ್ಮವಳೇ ಆದ
ಶಾಲಿನಿ

ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಆ ತಟ್ಟೆಯ ಸದ್ದು. ಅವತ್ತಿನಿಂದ ಅವನ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತೇನೆ, ಗಿಲಕಿ ಆಡಿಸುತ್ತೇನೆ. ಕಣ್ಣಿಗೆ ಬಿದ್ದರೆ ಮಾತ್ರ ನೋಡುತ್ತಾನೆ. ಡಾಕ್ಟರಮ್ಮನಿಗೆ ಫೋನ್ ಮಾಡಿ, ಇದಕ್ಕೂ ದೀಪಾವಳಿಯಿಂದಲೇ ಎಣಿಸಬಹುದಲ್ಲವೇ ಎಂದು ಕೇಳಿದೆ. ಹಾಗೆ ಎಣಿಸಿದರೂ ಇಷ್ಟೊತ್ತಿಗೆ ಸದ್ದಿಗೆ ತಿರುಗಬೇಕಮ್ಮ, ತಡಮಾಡಬೇಡಿ ಎಂದರು. ಜುಲೈ ಏಳಕ್ಕೆ ಬೆಂಗಳೂರಿನಲ್ಲಿ ಕಿವಿ ಪರೀಕ್ಷೆ. ಅತ್ತೆಗೆ ಹೇಳಿಲ್ಲ, ಫೋನಿನಲ್ಲಿ ಈ ಮಾತು ಎತ್ತಬೇಡಿ. ಭಾನುವಾರ ವಿಡಿಯೋ ಕೆಟ್ಟು ನಿಮ್ಮ ಮುಖ ಹೋಗಿ ಬರೀ ದನಿ ಬರುತ್ತಿತ್ತಲ್ಲ, ನೀವು 'ಕುಶಾಲಾ, ಕುಶಾಲಾ' ಎಂದು ಕೂಗುತ್ತಲೇ ಇದ್ದಿರಿ. ಅವನು ಆಟವಾಡುತ್ತಿದ್ದಾನೆ ಎಂದು ನಾನೇ ಹೇಳಿದೆ. ಅವನು ಫೋನಿನ ಪಕ್ಕದಲ್ಲೇ, ನನ್ನ ತೊಡೆಯ ಮೇಲೆ ಸುಮ್ಮನೆ ಕೂತಿದ್ದ. ರಜೆ ಹಾಕಿ ಬನ್ನಿ.