ಪೆಟ್ಟಿಗೆಯ ಜೊತೆ ಕಾದಾಡುವ ನೆಲಗುಬ್ಬಿ

ಮಾನ್ಯ ಉದ್ಯಾನಾಧಿಕಾರಿಗಳೇ,

ಹುಲ್ಲುಬಯಲಿನ ನಡುವೆ ನೀವು ನಿಲ್ಲಿಸಿರುವ ಹಾಡುವ ಪೆಟ್ಟಿಗೆ ಒಂದು ನೆಲಗುಬ್ಬಿಯ ಸಂಸಾರ ಹಾಳು ಮಾಡುತ್ತಿದೆ. ದಯವಿಟ್ಟು ಅದರ ಬಾಯಿ ಮುಚ್ಚಿಸಿ. ಇಷ್ಟು ಹೇಳಲು ಎರಡು ಸಲ ನಿಮ್ಮ ಕಚೇರಿಗೆ ಬಂದೆ. ಏಳನೇ ತರಗತಿಗೇ ಶಾಲೆ ಬಿಟ್ಟವಳು, ಹೇಳಲು ಬರಲಿಲ್ಲವೇನೋ ಎಂದು ಮನೆಯಲ್ಲಿ ಕೂತು ಕೊರಗಿದೆ. ಆಮೇಲೆ ಹೊಳೆಯಿತು, ಕೇಳಿಸಿಕೊಳ್ಳುವುದಕ್ಕೂ ಸ್ವಲ್ಪ ಓದು ಬೇಕಾಗುತ್ತದೆ.

ಪಕ್ಷಿವೀಕ್ಷಕರಿಗೆಂದು ನೀವು ದುರ್ಬೀನು ಇಟ್ಟಿರಿ, ಕಲ್ಲುಬೆಂಚು ಹಾಕಿಸಿದಿರಿ, ಬಣ್ಣದ ಕೈಪಿಡಿ ಹಂಚಿದಿರಿ. ಕೈಪಿಡಿ ಒಳ್ಳೆಯದು, ಸುಳ್ಳೇಕೆ ಹೇಳಲಿ. ನನ್ನ ಹೊಲಿಗೆ ಕೋಣೆಯ ಕಿಟಕಿಯಿಂದ ನೋಡುವಾಗ ಇಷ್ಟು ವರ್ಷ ಬರೀ 'ಆ ಕಂದು ಹಕ್ಕಿ' ಆಗಿದ್ದಕ್ಕೆ ನೆಲಗುಬ್ಬಿ ಎಂಬ ಹೆಸರು ಸಿಕ್ಕಿದ್ದು ಅದರಿಂದಲೇ. ಗುಬ್ಬಚ್ಚಿಗಿಂತ ತುಸು ದಪ್ಪ, ಗಟ್ಟಿ ಕೊಕ್ಕು, ಎದೆಯ ಮೇಲೆ ಕಂದು ಚುಕ್ಕೆ. ಗುಬ್ಬಚ್ಚಿಗೇ ತಪ್ಪು ಹೆಸರಿಟ್ಟೆನೇ ಎಂದು ಹೆದರಿ ಮತ್ತೆ ಮತ್ತೆ ನೋಡಿದೆ. ಅದು ಹಾಡುತ್ತಾ ಮೇಲೇರಿ, ರೆಕ್ಕೆ ಎತ್ತಿ ಹಿಡಿದು, ಕಾಲು ಇಳಿಬಿಟ್ಟುಕೊಂಡು ತೇಲುತ್ತಾ ಇಳಿದಾಗ ಅನುಮಾನ ಹೋಯಿತು. ಗುಬ್ಬಚ್ಚಿಗೆ ಆ ಠೀವಿ ಎಲ್ಲಿಂದ ಬರಬೇಕು?

ಅದೇ ಕೈಪಿಡಿಯಲ್ಲಿ, ಇದರ ಗೂಡು ನೆಲದ ಮೇಲೆ ಹುಲ್ಲಿನ ಬುಡದಲ್ಲಿರುತ್ತದೆ, ಬೇರೆ ಗಂಡಿನ ದನಿ ಕೇಳಿದರೆ ಗಂಡು ಹಕ್ಕಿ ಓಡಿಸಲು ಬರುತ್ತದೆ ಎಂದಿದೆ. ಅಚ್ಚು ಹಾಕಿಸಿದವರು ನೀವೇ. ಓದುವ ಕೆಲಸವನ್ನು ಯಾರಿಗೆ ವಹಿಸಿದ್ದೀರಿ? ಗುಂಡಿ ಒತ್ತಿದರೆ ಬೇರೆ ಗಂಡಿನಂತೆ ಕೂಗುವ ಪೆಟ್ಟಿಗೆಯನ್ನು ಅದರ ಅಂಗಳದಲ್ಲೇ ನೆಟ್ಟಿದ್ದೀರಿ. ಬಂದವರೆಲ್ಲ ಒತ್ತುತ್ತಾರೆ. ಪಾಪದ ಗಂಡು ಹುಳ ಹಿಡಿಯುವುದು ಬಿಟ್ಟು ಪೆಟ್ಟಿಗೆಯ ಕಂಬದ ಮೇಲೆ ಕೂತು ಎದುರು ಹಾಡುತ್ತದೆ, ಪೆಟ್ಟಿಗೆಯನ್ನು ಕುಕ್ಕುತ್ತದೆ. ಪೆಟ್ಟಿಗೆ ದಣಿಯುವುದಿಲ್ಲ. ಮರಿಗಳ ಹೊಟ್ಟೆಪಾಡು ಹೆಣ್ಣೊಂದರ ತಲೆಗೆ ಬಿದ್ದಿದೆ. ನೀವೋ, ಗಂಡು ಹೀಗೆ ಕುಕ್ಕುವ ಚಿತ್ರ ತೆಗೆಸಿ 'ಹಕ್ಕಿಯೂ ಮೆಚ್ಚಿದ ಪೆಟ್ಟಿಗೆ' ಎಂದು ಉದ್ಯಾನದ ಬಾಗಿಲಲ್ಲಿ ತೂಗುಹಾಕಿದ್ದೀರಿ. ನಿಮ್ಮ ಮನೆ ಮುಂದೆ ನಿಂತು ಯಾರೋ ಕೂಗಾಡಿ, ನೀವು ಕೋಲು ಹಿಡಿದು ಹೊರಬಂದರೆ, ಅದನ್ನೂ ಅತಿಥಿ ಸತ್ಕಾರ ಎನ್ನೋಣವೇ?

"ನಿನಗೆ ಚಿಂತೆ ಮಾಡೋಕೆ ಮನುಷ್ಯರು ಸಾಲಲ್ವೇನೇ?" ಎಂದು ನಮ್ಮ ಯಜಮಾನರು ನಕ್ಕರು. ಆದರೂ ಬಂದೆ.

"ಏನಮ್ಮ, ಶಬ್ದ ಜಾಸ್ತೀನಾ?" ಎಂದರು ನಿಮ್ಮ ಗುಮಾಸ್ತರು.

"ಶಬ್ದ ಅಲ್ಲ ಸಾರ್. ಹಕ್ಕಿ ಅದನ್ನ ಇನ್ನೊಂದು ಹಕ್ಕಿ ಅಂದ್ಕೊಂಡು..."

"ಗೊತ್ತಾಯ್ತು ಬಿಡಿ. ನಿದ್ದೆ ಬರಲ್ಲ ಅನ್ನಿ."

ನಿದ್ದೆ ಬರುವುದಿಲ್ಲ, ನಿಜ. ಅದಕ್ಕೆ ನನಗೆ ನಿಮ್ಮ ಪೆಟ್ಟಿಗೆಯ ಸಹಾಯ ಬೇಕಿಲ್ಲ.

ಮರುದಿನ ಇಬ್ಬರು ಬಂದು ಪೆಟ್ಟಿಗೆಯ ಬಾಯನ್ನು ನನ್ನ ಮನೆಯ ಕಡೆಯಿಂದ ತಿರುಗಿಸಿ ಹೋದರು. ಈಗ ಅದು ನೇರವಾಗಿ ಗೂಡಿನ ಕಡೆಗೇ ಕೂಗುತ್ತದೆ. ಮತ್ತೆ ಓಡಿ ಬಂದೆ. "ತಿರುಗಿಸಿ ಕೊಟ್ಟಿದೀವಲ್ಲಮ್ಮ, ಇನ್ನೇನು?" ಎಂದರು. ಮಾತಾಡದ ಕಂಬವನ್ನು ಕಂಡರೆ ನನಗೆ ಈಗ ಗೌರವ ಬರುತ್ತದೆ.

ಮರಿಗಳು ಹಾರುವವರೆಗೆ ಆ ಪೆಟ್ಟಿಗೆಯ ಬ್ಯಾಟರಿ ತೆಗೆಸಿ. ಇವತ್ತೇ ತೆಗೆಸಿ, ಕಡತ ಆಮೇಲೆ ನಿಧಾನವಾಗಿ ನಡೆದು ಬರಲಿ. ಅಲ್ಲಿ 'ಗುಂಡಿ ಒತ್ತಿ' ಎಂದಿರುವಲ್ಲಿ 'ಸುಮ್ಮನೆ ನಿಲ್ಲಿ' ಎಂದು ಬರೆಸಿ. ಹಕ್ಕಿ ನೋಡಲು ಬಂದವರಿಗೆ ಅದಕ್ಕಿಂತ ದೊಡ್ಡ ಸೌಲಭ್ಯ ನಿಮ್ಮಿಂದ ಆಗಲಾರದು. ಇದನ್ನು ಬರೆಯುತ್ತಿರುವಾಗಲೇ ಯಾರೋ ಗುಂಡಿ ಒತ್ತಿದರು. ಗೂಡಿನತ್ತ ಹೊರಟಿದ್ದ ಗಂಡು, ಕೊಕ್ಕಿನಲ್ಲಿದ್ದ ಹುಳವನ್ನು ಅಲ್ಲೇ ಬಿಟ್ಟು ಕಂಬಕ್ಕೆ ಹಾರಿತು.

ಇಂತಿ,
ನಿಮ್ಮ ಕಡತದ ಪ್ರಕಾರ ಈಗ ಸುಖವಾಗಿ ನಿದ್ದೆ ಮಾಡುತ್ತಿರುವ,
ಬೇಲಿ ಪಕ್ಕದ ಹೊಲಿಗೆಯವಳು