ಕಪ್ಪೆಚಿಪ್ಪಿನ ಕಿವಿರು

ಇಸವಿ 2187, ಫೆಬ್ರವರಿ 30
ಮಲಪ್ರಭೆಯ ದಂಡೆ

ಡಾ. ಶ್ರೀಪಾದ ಹುದ್ದಾರ ಅವರಿಗೆ,

ಈ ತಾರೀಖು ನಿಮಗೆ ತಪ್ಪೆನಿಸಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಗಂಗವ್ವ ಅಂಬಿಗೇರ, ಅಚ್ಚುಗಾರ್ತಿ. ಅಂದರೆ ಅಳಿದುಹೋದ ಜೀವಿಗಳ ಆಕಾರವನ್ನು ನಿಮ್ಮ ಕಾಲದ ಸ್ಕ್ಯಾನ್‌ಗಳಿಂದ ತೆಗೆದು ಮತ್ತೆ ಅಚ್ಚು ಹಾಕುವವಳು.

ನಮ್ಮ ಹೊಳೆಯಲ್ಲಿ ಈಗ ಕೆನ್ನೊರೆ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗೆ ನಾವಿಟ್ಟ ಹೆಸರು ಅದು. ಕುದಿಸಿದರೂ ಅದರ ವಿಷ ಹೋಗುವುದಿಲ್ಲ. ಆರುನೂರು ಜನರ ನಮ್ಮ ಊರಿಗೆ ಬೇರೆ ನೀರೂ ಇಲ್ಲ. ಹಿಂದೆ ಈ ಪಾಚಿಯನ್ನು ಹೊಳೆಯ ಕಪ್ಪೆಚಿಪ್ಪುಗಳು ಸೋಸಿ ತಿನ್ನುತ್ತಿದ್ದವಂತೆ. ನಮ್ಮಜ್ಜಿಯ ಕಾಲಕ್ಕೇ ಅವು ಮುಗಿದುಹೋದವು. ಅವುಗಳ ಕಿವಿರಿನಂತೆಯೇ ನೀರು ಸೋಸುವ ಗೂಡೊಂದನ್ನು ಮಾಡಿಕೊಡು ಎಂದು ಊರವರು ನನ್ನನ್ನು ಕೇಳಿದರು.

ನಿಮ್ಮ ಕಾಲದಲ್ಲಿ ನೀವು ಇದೇ ಹೊಳೆಯ ಮುನ್ನೂರ ನಲವತ್ತು ಕಪ್ಪೆಚಿಪ್ಪುಗಳನ್ನು ಒಳಗೂ ಹೊರಗೂ ಸ್ಕ್ಯಾನ್ ಮಾಡಿದ್ದಿರಿ. ಯಾರಿಗೂ ಕೊಡದೆ ಇಟ್ಟುಕೊಂಡ ಆ ಫೈಲುಗಳು ನಿಮ್ಮ ಕಂಪ್ಯೂಟರಿನ ಜೊತೆಗೇ ಹೋದವು. ನನಗೆ ಸಿಕ್ಕಿದ್ದು ನಿಮ್ಮ ಪ್ರಬಂಧದ ಒಂದೇ ಚಿತ್ರ, ಎದುರಿನಿಂದ ಕಂಡ ಕಿವಿರು. ಒಳಗಿನ ಮಡಿಕೆಗಳನ್ನು ನಾನು ಅಂದಾಜಿನ ಮೇಲೆ ಮಾಡಿದೆ. ನೀರು ತಿಳಿಯಾಗಿಯೇ ಬಂತು. ಆದರೆ ವಿಷ ಅಳೆಯುವ ಸಾಧನ ನಮ್ಮಲ್ಲಿ ಉಳಿದಿಲ್ಲ. ನೀರು ಹಂಚುವ ಮಕ್ತುಂಬಿ ಚಿಕ್ಕಮ್ಮ ತಂಬಿಗೆ ಹಿಡಿದು ಮುಂದೆ ಬಂದಳು.

"ಇನ್ನೊಂದೆರಡು ದಿನ ತಡಿ ಚಿಕ್ಕವ್ವಾ, ನನಗಿನ್ನೂ ನಂಬಿಗಿ ಇಲ್ಲ," ಎಂದೆ.

"ಹುಡುಗೂರು ಬಾಯಿ ಒಣಗಿಸ್ಕೊಂಡು ಕುಂತಾವ. ಅವಕ್ಕ ಕೊಡೂಕಿಂತ ಮೊದಲ ನಾ ಕುಡೀತೀನಿ. ನನಗರ ಹಿಂದ ಮುಂದ ಯಾರದಾರ?"

ಕುಡಿದ ಒಂಬತ್ತನೇ ದಿನ ತೀರಿಕೊಂಡಳು. ನನ್ನ ಅಂದಾಜಿನ ಮಡಿಕೆಗಳು ಪಾಚಿಯನ್ನು ಹಿಡಿದು ಜಜ್ಜಿ, ಅದರ ವಿಷವನ್ನೆಲ್ಲ ಒಮ್ಮೆಗೇ ನೀರಿಗೆ ಬಿಟ್ಟಿದ್ದವು. ಅವಳ ಕೈಕಾಲು ಎಷ್ಟು ಬಾತಿದ್ದವೆಂದರೆ ಬಳೆಗಳನ್ನು ಒಡೆದೇ ತೆಗೆಯಬೇಕಾಯಿತು. ಒಡೆದವಳು ನಾನೇ.

ಆಮೇಲೆ ನಾನು ಎಂಟು ತಿಂಗಳು ಹಳೆಯ ದತ್ತಾಂಶ ಭಂಡಾರಗಳನ್ನೆಲ್ಲ ಜಾಲಾಡಿದೆ. ನಿಮ್ಮ ಶಿಷ್ಯೆ ಪರಿಮಳಾ ದೊಡವಾಡ ಒಂದೇ ಒಂದು ಸ್ಕ್ಯಾನನ್ನು, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬರೆದು, ಎಲ್ಲರಿಗೂ ತೆರೆದಿಟ್ಟಿದ್ದಳು. ಅದಕ್ಕೇ ಹತ್ತಾರು ಕಡೆ ಅದರ ನಕಲುಗಳು ಉಳಿದಿದ್ದವು. ಆದರೆ ಅದು ಒಡೆದ ಚಿಪ್ಪು; ಕಿವಿರು ಅರ್ಧ ಮಾತ್ರ ಇತ್ತು. ಆ ಅರ್ಧದಿಂದ ಕಟ್ಟಿದ ಗೂಡು ದಿನಕ್ಕೆ ನಲವತ್ತು ಕೊಡ ಒಳ್ಳೆಯ ನೀರು ಕೊಡುತ್ತದೆ; ಮೊದಲ ತಿಂಗಳು ಅದನ್ನು ಕುಡಿದು ನೋಡಿದವಳು ನಾನೇ. ಮಕ್ಕಳಿಗೆ, ಬಸುರಿಯರಿಗೆ ಅದು ಸಾಕು. ಉಳಿದ ನಾವು ಮೆಲ್ಲಗೆ ಕೊಲ್ಲುವ ಹೊಳೆಯ ನೀರನ್ನೇ ಕುಡಿಯುತ್ತೇವೆ. ನನಗೆ ಮೂವತ್ತನಾಲ್ಕು. ಈಗೀಗ ಬೆಳಿಗ್ಗೆ ಕಾಲು ಬಾತಿರುತ್ತವೆ.

ನೀವು ಕೆಟ್ಟವರೆಂದು ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಕೆಸರಲ್ಲಿ ನಿಂತು ಆರಿಸಿದ್ದನ್ನು ಬೇರೆಯವರು ಬಾಚಿಕೊಂಡಾರೆಂಬ ಭಯ ನನಗೂ ಅರ್ಥವಾಗುತ್ತದೆ. ಈ ಪತ್ರ ನಿಮ್ಮನ್ನು ಹೇಗೆ ತಲುಪೀತು, ನನಗೆ ಗೊತ್ತಿಲ್ಲ. ಆದರೂ ಕೂತು ಬರೆದೆ. ನಿಮ್ಮ ಪ್ರಬಂಧದ ಕಟ್ಟಕಡೆಯ ಸಾಲು ಹೀಗಿದೆ: "ದತ್ತಾಂಶ ಬೇಕಾದವರು ಲೇಖಕರಿಗೆ ಬರೆದು ಕೇಳಬಹುದು."

ಕೇಳುತ್ತಿದ್ದೇನೆ.

ಗಂಗವ್ವ